ದೆವ್ವಕ್ಕೂ ಹೆಣ್ಣು ನೋಡುತ್ತಿದ್ದಾರೆ!

ಕಳೆದ ತಿಂಗಳು ಈ ಅಂಕಣದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ಇಬ್ಬರು ಗಂಡಸರ ಪ್ರೀತಿ, ಅವರಲ್ಲಿ ಒಬ್ಬ ದೆವ್ವ, ಪತ್ತೆಯಾಗದೆ ಉಳಿದ ಒಂದು ಸಾವು, ಎಲ್ಲರಿಗೂ ಎಲ್ಲರೂ ಗೊತ್ತಿರುವ ಒಂದು ಸಣ್ಣ ಊರು, ಇಷ್ಟನ್ನೂ ಕಲಸಿ ಯಾರಾದರೂ ಕನ್ನಡದಲ್ಲಿ ಕಾದಂಬರಿ ಬರೆದರೆ ನಿದ್ದೆಗೆಟ್ಟು ಓದುತ್ತೇನೆ ಅಂತ. ಇಂಗ್ಲಿಷಿನಲ್ಲಿ ಈ ಜಾತಿಯ ಪುಸ್ತಕಗಳಿಗೆ ಬೇರೆ ಕಪಾಟೇ ಇದೆ, ನಮ್ಮಲ್ಲಿ ಹುಡುಕಬೇಕು ಅನ್ನುವುದು ನನ್ನ ಗೊಣಗಾಟ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರೇ ಬೆಚ್ಚಿದ್ದಾರೆ. ಬೈದವರು ಇಬ್ಬರು. ಉಳಿದವರಲ್ಲಿ ಅರ್ಧ ಜನ ಆಗಲೇ ಬರೆಯಲು ಕೂತುಬಿಟ್ಟಿದ್ದಾರೆ! ಹಾಗಾಗಿ ಈ ಸಲ ಪೂರ್ತಿ ದೆವ್ವದ ಸಂಚಿಕೆ. ಹಳೇ ಮನೆಯ ಖಾತೆ ಬದಲಾವಣೆ ಬಗ್ಗೆ ಕೇಳಿದ್ದ ಹಾವೇರಿಯವರು ಕ್ಷಮಿಸಬೇಕು, ಮುಂದಿನ ತಿಂಗಳು ಖಂಡಿತ.

ಪ್ರ: ಗಂಡಿಗೆ ಗಂಡಿನ ಮೇಲೆ ಮೋಹ, ಅದರಲ್ಲಿ ಒಬ್ಬ ದೆವ್ವ ಬೇರೆ. ಇದೆಲ್ಲ ಪರದೇಶದಿಂದ ಬಂದ ಹುಚ್ಚು ಅಲ್ವಾ? ನಮ್ಮ ಮಣ್ಣಿಗೂ ಇದಕ್ಕೂ ಏನು ನಂಟು?
– ಓದುಗರೊಬ್ಬರು, ಚಿತ್ರದುರ್ಗ

ಉ: ಸರ್, 'ನಾಗಮಂಡಲ' ನೋಡಿದ್ದೀರಾ? ಹಾವು ಗಂಡನ ರೂಪ ತಾಳಿ ರಾತ್ರಿ ಹೊತ್ತು ರಾಣಿಯ ಹತ್ತಿರ ಬರುತ್ತದೆ. ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ ನಾಟಕ ಅದು. ಅದರ ಶುರುವಿನಲ್ಲಿ ಊರಿನ ದೀಪದ ಕುಡಿಗಳೆಲ್ಲ ರಾತ್ರಿ ಪಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಗುಟ್ಟು ಹರಟುತ್ತವೆ. ಸಣ್ಣ ಊರು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಿದವರು ನನಗೆ ಗೊತ್ತಿಲ್ಲ. ಅತ್ತ ರಾಜಸ್ಥಾನದ ವಿಜಯದಾನ್ ದೇಥಾ ಅವರ ಒಂದು ಕಥೆಯಲ್ಲಿ ಗಂಡಿನ ಹಾಗೆ ಬೆಳೆಸಿದ ಹುಡುಗಿಯನ್ನು ಇನ್ನೊಬ್ಬ ಹುಡುಗಿಗೇ ಮದುವೆ ಮಾಡಿಬಿಡುತ್ತಾರೆ. ನಿಜ ಗೊತ್ತಾದ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಊರು ಅವರನ್ನು ಓಡಿಸುತ್ತದೆ, ಆಶ್ರಯ ಕೊಡುವವು ದೆವ್ವಗಳು. ಮಣ್ಣಿನ ನಂಟು ಇಷ್ಟು ಸಾಕಲ್ಲ?

ಪರದೇಶದಲ್ಲೂ ಇದು ನಿನ್ನೆ ಮೊನ್ನೆಯದಲ್ಲ ಬಿಡಿ. ಡ್ರಾಕುಲಾ ಬಂದದ್ದು 1897ರಲ್ಲಿ. ಅದಕ್ಕೆ 25 ವರ್ಷ ಮೊದಲೇ, 1872ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫಾನು ಎಂಬಾತನ ಪುಸ್ತಕದಲ್ಲಿ ಹೆಣ್ಣು ರಕ್ತಪಿಶಾಚಿ ಹೆಣ್ಣನ್ನೇ ಮೋಹಿಸುವ ಕಥೆ ಬಂದಿತ್ತು. ಆಗಿನ ಕಾಲದಲ್ಲಿ ಅಂಥ ಆಸೆಯನ್ನು ಬದುಕಿರುವವರ ಬಾಯಲ್ಲಿ ಆಡಿಸುವ ಹಾಗಿರಲಿಲ್ಲ. ಅದಕ್ಕೇ ಪಿಶಾಚಿಯ ಬಾಯಲ್ಲಿ ಆಡಿಸಿದರು.

ಪ್ರ: ನಾನು ಬರೆಯುತ್ತಿರುವ ಕಥೆ ಹೀಗಿದೆ. 28 ವರ್ಷದ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಶರಾವತಿ ಹಿನ್ನೀರಿನ ಪಕ್ಕದ ಊರಿಗೆ ಬರುತ್ತಾನೆ, ತೀರಿಕೊಂಡ ಸೋದರಮಾವನ ಫೋಟೊ ಸ್ಟುಡಿಯೊ ಖಾಲಿ ಮಾಡೋಕೆ. ಅಲ್ಲಿನ ಫೋಟೊ ತೊಳೆಯುವ ಡಾರ್ಕ್ ರೂಮಿನಲ್ಲಿ, 1996ರಲ್ಲಿ ನೀರಿನಲ್ಲಿ ಸತ್ತ ಒಬ್ಬ ಹುಡುಗನ ದೆವ್ವ ಇದೆ. ಇಬ್ಬರಿಗೂ ಪ್ರೀತಿ ಆಗುತ್ತದೆ. ಅವನು ಮುಳುಗಿದ್ದಾ, ಯಾರಾದರೂ ಮುಳುಗಿಸಿದ್ದಾ ಅನ್ನುವುದು ರಹಸ್ಯ. ತೊಂದರೆ ಏನೆಂದರೆ, ದೆವ್ವ ಬಾಯಿ ಬಿಟ್ಟರೆ ಎರಡನೇ ಅಧ್ಯಾಯಕ್ಕೇ ಕಥೆ ಮುಗಿಯುತ್ತದೆ. ಅವನ ಬಾಯಿ ಹೇಗೆ ಮುಚ್ಚಿಸಲಿ? ಆಗ ಅವನಿಗೆ ಊರಲ್ಲೇ ಒಬ್ಬ ಪ್ರೇಮಿ ಇದ್ದ ಅನ್ನುವುದನ್ನು ಕೊನೆಯ ಅಧ್ಯಾಯದ ಸ್ಫೋಟ ಅಂತ ಇಟ್ಟುಕೊಂಡಿದ್ದೇನೆ. ಸರಿಯಾಗಿದೆಯಾ?
– ಹೆಸರು ಬೇಡ, ಸಾಗರ

ಉ: ತಮ್ಮಾ, ಡಾರ್ಕ್ ರೂಮು ಅಂದ ತಕ್ಷಣ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

ಮೊದಲು ಬಾಯಿ ಮುಚ್ಚಿಸುವ ವಿಷಯ. 1929ರಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದ. ಎರಡನೆಯದೇ ದೆವ್ವ ಭೂತಗಳಿಗೆ ಪ್ರವೇಶವಿಲ್ಲ ಅನ್ನುವುದು. ಯಾಕೆ ಅಂದರೆ ನಿನಗೆ ಬಂದ ತೊಂದರೆಯೇ: ಸತ್ತವನೇ ಬಂದು ಹೇಳಿದರೆ ಹುಡುಕುವವನಿಗೆ ಏನು ಕೆಲಸ? ಆದರೆ ಇದಕ್ಕೆ ದಾರಿಗಳಿವೆ. ಹಿಂದಿನಿಂದ ಏಟು ಬಿದ್ದಿದ್ದರೆ ಅವನಿಗೇ ಗೊತ್ತಿರುವುದಿಲ್ಲ. ಇದು ಎಲ್ಲರೂ ಮಾಡುವುದು, ಸಪ್ಪೆ. ನೆನಪು ಹೋಗಿದೆ ಅನ್ನುವುದು ಇನ್ನೂ ಸಪ್ಪೆ, ದಯವಿಟ್ಟು ಬೇಡ. ನನಗೆ ಹಿಡಿಸುವುದು ಇದು: ಅವನಿಗೆ ಗೊತ್ತು, ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂದರೆ, ಹೇಳಿದರೆ ಇನ್ನೂ ಬದುಕಿರುವ ಒಬ್ಬರ ಸಂಸಾರ ಹಾಳಾಗುತ್ತದೆ. ಆಗ ನೋಡು, ಪ್ರೀತಿ ಮತ್ತು ರಹಸ್ಯ ಎರಡೂ ಒಂದೇ ಗಂಟಾಗುತ್ತವೆ. ನಿನ್ನ ಹುಡುಗ ಕೊಲೆಗಾರನನ್ನು ಹುಡುಕುತ್ತಿಲ್ಲ, ತನ್ನ ಪ್ರಿಯಕರ ಇವತ್ತಿಗೂ ಯಾರನ್ನು ಕಾಪಾಡುತ್ತಿದ್ದಾನೆ ಅಂತ ಹುಡುಕುತ್ತಿದ್ದಾನೆ. ಹೊಟ್ಟೆಕಿಚ್ಚೂ ಪತ್ತೇದಾರಿಯೂ ಒಟ್ಟಿಗೆ.

ಇನ್ನು ಕೊನೆಯ ಅಧ್ಯಾಯದ ಸ್ಫೋಟ. ಅದನ್ನು ತೆಗೆದು ಹತ್ತನೇ ಪುಟಕ್ಕೆ ಹಾಕು. ಒಬ್ಬ ಗಂಡಸು ಇನ್ನೊಬ್ಬನನ್ನು ಪ್ರೀತಿಸಿದ್ದ ಅನ್ನುವುದೇ ಗುಟ್ಟು, ಅದೇ ಆಘಾತ ಅಂತ ಇಟ್ಟರೆ ನೀನೂ ಊರಿನ ಬಾಯಿಯಿಂದಲೇ ಮಾತಾಡಿದ ಹಾಗಾಯಿತು. ಪ್ರೀತಿ ಅಪರಾಧವಲ್ಲ ತಾನೇ? ಹಾಗಾದರೆ ಅಪರಾಧಿಯನ್ನು ಹಿಡಿಯುವ ಜಾಗದಲ್ಲಿ ಪ್ರೀತಿಯನ್ನು ತಂದು ನಿಲ್ಲಿಸಬೇಡ. ಅಲ್ಲಿ ನಿಲ್ಲಬೇಕಾದದ್ದು ಆ ಸಂಜೆ ಯಾರು ಏನು ಮಾಡಿದರು, ಯಾರು ನೋಡಿಯೂ ಸುಮ್ಮನಿದ್ದರು ಅನ್ನುವುದು. ಇನ್ನೊಂದು, ಅವನ ಆ ಹಳೇ ಪ್ರೇಮಿಯೇ ಕೊಂದದ್ದು, ಗುಟ್ಟು ರಟ್ಟಾಗುವ ಭಯಕ್ಕೆ, ಅಂತ ನೀನು ಬರೆಯಲು ಹೊರಟಿದ್ದೀಯ ಅನ್ನುವುದು ನನ್ನ ಗುಮಾನಿ. ಅದು ಸವೆದು ಹೋದ ಚಪ್ಪಲಿ, ಬಿಡು.

ಸಣ್ಣ ಊರಲ್ಲಿ ಗುಟ್ಟು ಅನ್ನುವುದೇ ಬೇರೆ ತರಹ ಕೆಲಸ ಮಾಡುತ್ತದೆ. ಇಂಗ್ಲಿಷ್ ಕಥೆಯಲ್ಲಿ ಇಬ್ಬರು ಹುಡುಗರು ಕೈ ಹಿಡಿದು ನಡೆದರೆ ಅದೇ ದೊಡ್ಡ ಸುಳಿವು. ನಮ್ಮಲ್ಲಿ 90ರ ದಶಕದಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಸಂತೆ ಸುತ್ತಿದರೂ, ಜಾತ್ರೆಗೆ ಹೋಗಿ ಒಂದೇ ಕಂಬಳಿಯಲ್ಲಿ ಮಲಗಿದರೂ, ಸ್ಟುಡಿಯೊಗೆ ಹೋಗಿ ಬಣ್ಣದ ಪರದೆ ಮುಂದೆ ಕೈ ಕೈ ಹಿಡಿದು ಫೋಟೊ ತೆಗೆಸಿಕೊಂಡರೂ ಯಾರೂ ತಿರುಗಿ ನೋಡುತ್ತಿರಲಿಲ್ಲ, ಗೆಳೆಯರು ಅಷ್ಟೆ. ಊರಿನ ಕಣ್ಣು ಬೀಳುತ್ತಿದ್ದದ್ದು ಹೆಣ್ಣು ನೋಡಲು ಒಲ್ಲೆ ಅಂದಾಗ. ಒಂದು ಸಲ ಒಲ್ಲೆ ಅಂದರೆ ಓದು ಅಂತ ನೆಪ. ಮೂರನೇ ಸಲ ಒಲ್ಲೆ ಅಂದರೆ ಹೋಟೆಲಿನಲ್ಲಿ ಮಾತು. ಹಾಗಾಗಿ ಆ ಇಬ್ಬರ ಫೋಟೊ ಸ್ಟುಡಿಯೊದ ಶೋಕೇಸಿನಲ್ಲೇ ಇರಲಿ, ಮೊದಲ ಪುಟದಿಂದಲೂ. ಬಣ್ಣ ಮಾಸಿ, ಮದುವೆ ಜೋಡಿಗಳ ನಡುವೆ. ಎಲ್ಲರೂ ದಿನಾ ನೋಡುತ್ತಿರುವ ಸುಳಿವು ಅದು.

ನಿನ್ನ ಮಾವ ಸ್ಟುಡಿಯೊದವನು ಅಂದೆಯಲ್ಲ, ಆ ಕಸುಬಿನಲ್ಲಿ ಒಂದು ಗಣಿಯೇ ಇದೆ. ತಾಲೂಕು ಊರುಗಳಲ್ಲಿ ಮದುವೆ ಆಲ್ಬಮ್ ಮಾಡುವ ಫೋಟೊಗ್ರಾಫರನನ್ನೇ ಪೊಲೀಸರು ಹೆಣದ ಫೋಟೊ ತೆಗೆಯಲೂ ಕರೆಯುತ್ತಿದ್ದರು. ಅಂದರೆ ನೆಗೆಟಿವ್ ಎಲ್ಲಿರುತ್ತದೆ? ಸ್ಟೇಷನ್ನಿನಲ್ಲಿ ಫೈಲು ಇಲ್ಲವಾಗಿರಬಹುದು, ಮಾವನ ಬೀರುವಿನಲ್ಲಿ ನೆಗೆಟಿವ್ ಇರುತ್ತದೆ. ನೀರಿನಲ್ಲಿ ಹೆಣ ಸಿಕ್ಕರೆ ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174ರ ಪ್ರಕಾರ ಯುಡಿಆರ್ (ಅಸಹಜ ಸಾವಿನ) ಕೇಸ್ ದಾಖಲಿಸಿ ಮಹಜರು ಮಾಡುತ್ತಿದ್ದರು, ಸಾಕ್ಷಿಗೆ ಕರೆದ ಪಂಚರು ಸಹಿ ಹಾಕುತ್ತಿದ್ದರು. ಪೋಸ್ಟ್‌ಮಾರ್ಟಮ್ ರಿಪೋರ್ಟಿಗಿಂತ ಈ ಪಂಚರು ಯಾರು ಅನ್ನುವುದು ಮಜವಾದ ಪ್ರಶ್ನೆ. ದಾರಿಯಲ್ಲಿ ಹೋಗುತ್ತಿದ್ದವರನ್ನು ಕರೆದು ಸಹಿ ಹಾಕಿಸಿದರೋ, ಇಲ್ಲಾ ಯಾರಾದರೂ ತಾವಾಗಿಯೇ ಮುಂದೆ ಬಂದರೋ? ಸೈಕಲ್ ಶಾಪಿನವನ ಸಹಿ ಯಾಕೆ ನಡುಗಿದೆ? ಇನ್ನೂ ಒಂದು, ಕೊಲೆ ಕೇಸಿಗೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ. 30 ವರ್ಷ ಆದ ಮೇಲೂ ತೆಗೆಯಬಹುದು. ಆ ಭಯ ಊರಲ್ಲಿ ಒಬ್ಬರಿಗಾದರೂ ಇರಲಿ.

ಜಾಗವನ್ನೂ ಸ್ವಲ್ಪ ದುಡಿಸಿಕೋ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಊರುಗಳು ಮಾತ್ರ ಅಲ್ಲ, 1948ರ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ನಿಮ್ಮ ಕಡೆ ಮಡೆನೂರು ಡ್ಯಾಮ್ ಅನ್ನುತ್ತೀರಲ್ಲ, ಅದೇ. ಬೇಸಿಗೆಯಲ್ಲಿ ನೀರು ಇಳಿದರೆ ಎದ್ದು ನಿಲ್ಲುತ್ತದೆ. ಒಂದು ಅಣೆಕಟ್ಟೆಯೇ ದೆವ್ವದ ಹಾಗೆ ಬಂದು ಹೋಗುವ ಊರು ನಿನ್ನ ಕೈಯಲ್ಲಿದೆ, ನೀನು ಬರೀ 'ಹಿನ್ನೀರು' ಅಂತ ಬರೆದು ಸುಮ್ಮನಾಗಿದ್ದೀಯಲ್ಲ ಮಾರಾಯ! ನಿನ್ನ ದೆವ್ವಕ್ಕೆ ಒಂದು ಮಿತಿ ಬೇಕು, ಅದು ನೀರಿನ ಮಟ್ಟವೇ ಆಗಲಿ. ಮಳೆಗಾಲದಲ್ಲಿ ಸ್ಟುಡಿಯೊ ತನಕ ಬರಬಲ್ಲ, ಏಪ್ರಿಲ್ ಬಂದರೆ ಹಿಂದೆ ಸರಿಯುತ್ತಾನೆ. ಪುರಾವೆ ಸಿಗುವುದು ಮಾತ್ರ ನೀರು ಇಳಿದಾಗ, ಅಂದರೆ ಅವನು ದೂರ ಇರುವಾಗ. ಮತ್ತೆ 1996ರ ಭಾಗಕ್ಕೆ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಬಳಸು. ಸಂಜೆಯ ಕೊನೆ ಲಾಂಚ್ ಹೋದ ಮೇಲೆ ಆಚೆ ದಡದಲ್ಲಿ ಯಾರಿದ್ದರೋ ಅವರಷ್ಟೇ. ಆರೋಪಿಗಳ ಪಟ್ಟಿ ತಾನಾಗಿ ಸಿಕ್ಕಿತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಈ ಅನುಕೂಲ ಹೋಯಿತು. ಊರವರಿಗೆ ಒಳ್ಳೆಯದಾಯಿತು, ಪತ್ತೇದಾರಿ ಬರೆಯುವವರಿಗೆ ನಷ್ಟ.

ಬರೆದು ಕಳಿಸು. ಹೆಸರು ಬೇಡ ಅಂದಿದ್ದೀಯ, ಕಥೆಗೂ ಬೇಡವಾದರೆ ಕಾವ್ಯನಾಮ ಇಟ್ಟುಕೋ.

ಪ್ರ: ದೆವ್ವವನ್ನು ಮುಟ್ಟೋಕಾಗಲ್ಲ. ಹಾಗಾದರೆ ಪ್ರೇಮದ ದೃಶ್ಯ ಹೇಗೆ ಬರೆಯೋದು?
– ಗೋಕಾಕ

ಉ: ಮುಟ್ಟಲು ಆಗದಿರುವುದನ್ನೇ ಬರೆಯಿರಿ. ಮೇಲೆ ಸಾಗರದ ಹುಡುಗನ ಡಾರ್ಕ್ ರೂಮ್ ಇದೆಯಲ್ಲ, ಕೆಂಪು ಬಲ್ಬಿನ ಬೆಳಕಿರುವಷ್ಟು ಹೊತ್ತು ಮಾತ್ರ ಕೈಗೆ ಕೈ ಸಿಗುತ್ತದೆ ಅಂತ ಇಡಿ. ಬಿಳಿ ದೀಪ ಹಾಕಿದರೆ ಫೋಟೊ ಪೇಪರೂ ಹಾಳು, ಅವನೂ ಇಲ್ಲ. ಫೋಟೊ ತೊಳೆಯುವ ಹೈಪೊ ರಾಸಾಯನಿಕದ ವಾಸನೆ, ಟ್ರೇ ನೀರಲ್ಲಿ ನಿಧಾನಕ್ಕೆ ಮೂಡುವ ಮುಖ. ಕರೆಂಟ್ ಹೋಗಿಬಿಟ್ಟರೆ? ನಮ್ಮೂರುಗಳಲ್ಲಿ ಕರೆಂಟ್ ಹೋಗಲು ನೆಪ ಬೇಕೇ. ವಯಸ್ಸಿನ ಬಗ್ಗೆ ಮಾತ್ರ ಎಚ್ಚರ. ಸತ್ತಾಗ ಅವನಿಗೆ 22 ಅಂತ ಸ್ಪಷ್ಟವಾಗಿ ಬರೆಯಿರಿ. ಪಿಯುಸಿ ಹುಡುಗನನ್ನು ದೆವ್ವ ಮಾಡಿ ಪ್ರೇಮದ ಕಥೆ ಕಳಿಸಿದರೆ ಓದದೆ ವಾಪಸ್.

ಪ್ರ: ನಮ್ಮಲ್ಲಿ ಮದುವೆಯಾಗದೆ ಸತ್ತವರಿಗೆ ಪ್ರೇತ ಮದುವೆ ಮಾಡುವ ಪದ್ಧತಿ ಇದೆ. ಇದನ್ನು ಇಂಥ ಕಥೆಗೆ ತರಬಹುದಾ? ದೈವ, ಕೋಲ ಎಲ್ಲ ಸೇರಿಸಿದರೆ ಇನ್ನೂ ರೋಚಕ ಆಗಬಹುದಲ್ಲ?
– ಬಂಟ್ವಾಳ

ಉ: ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ತುಳುನಾಡಿನಲ್ಲಿ ಸತ್ತವರ ಜೀವಕ್ಕೆ ಕುಲೆ ಅನ್ನುತ್ತಾರೆ. ಮದುವೆಯಾಗದೆ ತೀರಿಕೊಂಡ ಮಗನೋ ಮಗಳೋ ಇದ್ದ ಮನೆಯಲ್ಲಿ ಮುಂದೆ ಮದುವೆಗಳು ಕೂಡಿ ಬರದಿದ್ದರೆ, ಏನಾದರೂ ತೊಂದರೆ ಮೇಲಿಂದ ಮೇಲೆ ಬಂದರೆ, ಕುಲೆಗೆ ಮದುವೆ ಆಗಬೇಕಂತೆ ಅಂತ ಮಾತು ಬರುತ್ತದೆ. ಆಗ ಹಾಗೇ ಮದುವೆಯಾಗದೆ ತೀರಿಕೊಂಡ ಹೆಣ್ಣಿರುವ ಮನೆ ಹುಡುಕಬೇಕು. ಜಾತಿ ಹೊಂದಬೇಕು, ಬರಿ, ಅಂದರೆ ಗೋತ್ರದಂಥದ್ದು, ಬೇರೆ ಇರಬೇಕು. ಸೀರೆ, ಪಂಚೆ, ತಾಳಿ, ಊಟ ಎಲ್ಲ ಇರುತ್ತದೆ. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಅಂಥ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಹೊರಗಿನವರು ನಕ್ಕರು. ನನಗೆ ನಗು ಬರಲಿಲ್ಲ. 30 ವರ್ಷ ಆದ ಮೇಲೂ ಮಗಳನ್ನು ಮನೆಯ ಲೆಕ್ಕದಿಂದ ತೆಗೆದುಹಾಕದ ಅಪ್ಪ ಅಮ್ಮ ಅವರು.

ಈಗ ನಿಮ್ಮ ಕಥೆ ಯೋಚಿಸಿ. ಬದುಕಿದ್ದಾಗ ಮದುವೆ ತಪ್ಪಿಸಿಕೊಂಡು ತಪ್ಪಿಸಿಕೊಂಡು ಸುಸ್ತಾದ ಹುಡುಗ. ಸತ್ತ. ಅಬ್ಬ ಅಂತ ಉಸಿರು ಬಿಟ್ಟ, ಉಸಿರು ಇದ್ದಿದ್ದರೆ. 28 ವರ್ಷ ಆರಾಮಾಗಿದ್ದ. ಯಾರೋ ಒಬ್ಬ ಬದುಕಿರುವವನ ಜೊತೆ ಈಗ ಪ್ರೀತಿಯೂ ಆಗಿದೆ. ಅಷ್ಟರಲ್ಲಿ ತಂಗಿಯ ಮಗಳ ಸಂಬಂಧ ಮುರಿಯಿತು, ಮನೆಯವರು ಕಾರಣ ಕೇಳಿಸಿದರು, ಮತ್ತೆ ಅವನಿಗೆ ಹೆಣ್ಣು ನೋಡಲು ಹೊರಟರು! ಸತ್ತ ಮೇಲೂ ಬಿಡಲಿಲ್ಲವಲ್ಲ ಇವರು ಅಂತ ಅವನು ತಲೆ ಚಚ್ಚಿಕೊಳ್ಳುವುದನ್ನು ನೀವು ಬರೆಯದಿದ್ದರೆ ನಾನೇ ಬರೆದುಬಿಡುತ್ತೇನೆ. ಕೆಲವು ಕಡೆ ಪ್ರೇತ ಮದುವೆಯನ್ನು ಮದುವೆಯಾಗದವರು ನೋಡಬಾರದು ಅನ್ನುವ ಕಟ್ಟಳೆಯೂ ಇದೆ. ಅಂದರೆ ಅವನ ಪ್ರಿಯಕರ ಹೊರಗೆ ಅಂಗಳದಲ್ಲಿ ನಿಂತಿರಬೇಕು, ಒಳಗೆ ಅವನಿಗೆ ಧಾರೆ. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣುತ್ತಿಲ್ಲ. ಆ ಸತ್ತ ಹುಡುಗಿಗೂ ಒಂದು ಮನಸ್ಸಿರಲಿ, ಅವಳನ್ನು ಬರೀ ಸೀರೆ ಉಟ್ಟ ಕುರ್ಚಿ ಮಾಡಬೇಡಿ. ಅವಳಿಗೂ ಈ ಸಂಬಂಧ ಬೇಡವಾಗಿದ್ದರೆ? ಇಬ್ಬರು ಕುಲೆಗಳೂ ಸೇರಿ ಮದುವೆ ನಿಲ್ಲಿಸಲು ಹೊಂಚು ಹಾಕಿದರೆ? ಅವಳ ಸಾವಿನ ಕಥೆಯಲ್ಲೇ ಇವನ ಸಾವಿನ ಸುಳಿವಿದ್ದರೆ? ಎರಡು ಮನೆಯವರು ಬೀಗರಾಗಲು ಕೂತು ಮಾತಾಡುವಾಗ ತಾರೀಖುಗಳು ಹೊರಗೆ ಬರುತ್ತವೆ. ನಿಮ್ಮ ಮಗ ಯಾವತ್ತು ಹೋದದ್ದು? ಅಯ್ಯೋ, ನಮ್ಮ ಮಗಳೂ ಅದೇ ವಾರ. ಪೊಲೀಸರೇ ಬೇಕಿಲ್ಲ, ಮದುವೆ ಮಾತುಕತೆಯೇ ತನಿಖೆ.

ದೈವದ ವಿಷಯ ಮಾತ್ರ ಬೇಡ ಅನ್ನುತ್ತೇನೆ. ಘಟ್ಟದ ಮೇಲಿನವರಿಗೆ ಭೂತ ಅಂದರೆ ದೆವ್ವ. ನಿಮ್ಮಲ್ಲಿ ಭೂತ ಅಂದರೆ ದೈವ, ನ್ಯಾಯ ಹೇಳುವ ಶಕ್ತಿ, ಜನ ಇವತ್ತೂ ಕೈ ಮುಗಿದು ನಿಲ್ಲುವ ನಂಬಿಕೆ. ಅದನ್ನು ಪ್ರೇಮ ಕಥೆಯ ಹೀರೊ ಮಾಡಿದರೆ ರೋಚಕ ಆಗುವುದಿಲ್ಲ, ಒರಟಾಗುತ್ತದೆ. ಕುಲೆ ಸಾಕು, ಅದು ನಮ್ಮ ನಿಮ್ಮ ಹಾಗೆ ಮನೆಯ ಮನುಷ್ಯ.

ಪ್ರ: ಕಥೆಯಲ್ಲಿ ಯಾವ ಪದ ಬಳಸಬೇಕು? ಸಲಿಂಗಕಾಮಿ ಅಂದರೆ ಪೊಲೀಸ್ ರಿಪೋರ್ಟ್ ಓದಿದ ಹಾಗಿರುತ್ತದೆ, ಗೇ ಅಂದರೆ ನಮ್ಮ ಅಜ್ಜಿ ಪಾತ್ರಕ್ಕೆ ಹೊಂದಲ್ಲ.
– ಶಿರಾ

ಉ: ನಿಮ್ಮ ಕಿವಿ ಚೆನ್ನಾಗಿದೆ. ಸಲಿಂಗಕಾಮದಲ್ಲಿ 'ಕಾಮ' ಮುಂದೆ ಬಂದು ಕೂತುಬಿಡುತ್ತದೆ, ಸಲಿಂಗಪ್ರೇಮ ಅಂದರೆ ಭಾಷಣದ ಹಾಗೆ. ಬೆಂಗಳೂರಿನಿಂದ ಬಂದ ಹುಡುಗ ಗೇ ಅನ್ನಲಿ, ಅದು ಈಗ ಕನ್ನಡದ್ದೇ ಪದ. 1996ರಲ್ಲಿ ಸತ್ತವನಿಗೆ ಆ ಪದವೇ ಗೊತ್ತಿಲ್ಲದಿರಬಹುದು. ಅವನಿಗೆ ಕೇಳಿ ಗೊತ್ತಿದ್ದದ್ದು ಬೈಗುಳ ಮಾತ್ರ, 'ಚಕ್ಕ', 'ಒಂಬತ್ತು' ಅಂತೆಲ್ಲ. ಈಗಿನವನು ಅವನಿಗೆ ಬೈಗುಳವಲ್ಲದ ಒಂದು ಪದವನ್ನು ಮೊದಲ ಸಲ ಹೇಳಿಕೊಡುವ ದೃಶ್ಯ ಒಂದು ಬರಲಿ. ಅಜ್ಜಿ? ಅಜ್ಜಿ ಯಾವ ಪದವನ್ನೂ ಬಳಸುವುದಿಲ್ಲ. "ಅವನಿಗೆ ಇವನೇ ಆಗ್ಬೇಕಿತ್ತು" ಅನ್ನುತ್ತಾಳೆ, ಅಷ್ಟೆ. ಮತ್ತೆ ಜೋಗಪ್ಪ, ಮಂಗಳಮುಖಿ, ಗೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಅವರವರ ಬದುಕು ಬೇರೆ ಬೇರೆ.

ಪ್ರ: ನಾಚಿಕೆ ಆಗಲ್ವೇನ್ರೀ ನಿಮಗೆ?
– ಹೊಸಪೇಟೆ

ಉ: ಆಗುತ್ತದೆ. ನಾನು ತಿದ್ದಿದ ಪುಟದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿ ಅಚ್ಚಾದಾಗ.

ಪ್ರ: ಕಥೆ 1996ರಲ್ಲಿ ನಡೆದರೆ ಒಳ್ಳೆಯದೋ, ಈಗ ನಡೆದರೆ ಒಳ್ಳೆಯದೋ? ಕಾನೂನು ಬದಲಾಗಿದೆ ಅಲ್ವಾ?
– ಹುಬ್ಬಳ್ಳಿ

ಉ: ಒಳ್ಳೆಯದು ಕೆಟ್ಟದ್ದು ಅಂತಲ್ಲ, ಬೆದರಿಸುವವನ ಕೈಯಲ್ಲಿರುವ ಆಯುಧ ಬದಲಾಗುತ್ತದೆ. 1860ರ ದಂಡಸಂಹಿತೆಯ 377ನೇ ಕಲಮಿನಲ್ಲಿ ಇಂಥ ಸಂಬಂಧಕ್ಕೆ ಜೀವಾವಧಿ ತನಕ ಶಿಕ್ಷೆ ಇತ್ತು. ಕೋರ್ಟಿಗೆ ಹೋಗುವುದಕ್ಕಿಂತ ಜಾಸ್ತಿ ಅದು ದುಡ್ಡು ಕೀಳಲು ಬಳಕೆಯಾಗುತ್ತಿತ್ತು. ಸ್ಟೇಷನ್ನಿಗೆ ಹೇಳುತ್ತೇನೆ ಅನ್ನುವ ಒಂದು ಮಾತು ಸಾಕಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂದಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಅಪರಾಧವಲ್ಲ ಅಂದಿತು. ಈ ನಡುವಿನ ಐದು ವರ್ಷ ಇದೆಯಲ್ಲ, ನಿನ್ನೆ ತಪ್ಪಲ್ಲದ್ದು ಇವತ್ತು ತಪ್ಪು ಅಂತಾದ ಕಾಲ, ಅದರ ಬಗ್ಗೆ ಬರೆದವರು ಕಡಿಮೆ. 2009ರಲ್ಲಿ ಧೈರ್ಯ ಮಾಡಿ ಯಾರಿಗೋ ಹೇಳಿಕೊಂಡವನ ಗತಿ 2014ರಲ್ಲಿ ಏನಾಯಿತು? ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಒತ್ತಡ ಬೇಕಾ. ಈಗಂತೂ ಹೊಸ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಬೆದರಿಸುವವನು ಇವತ್ತು ಪೊಲೀಸ್ ಅನ್ನುವುದಿಲ್ಲ, "ನಿಮ್ಮಪ್ಪನ ವಾಟ್ಸಾಪಿಗೆ ಕಳಿಸ್ತೀನಿ" ಅನ್ನುತ್ತಾನೆ. ಮದುವೆಗೆ ಕಾನೂನಿನ ಮಾನ್ಯತೆ ಕೊಡಲು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಹಾಗಾಗಿ ಕೊನೆಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ದೃಶ್ಯ ಬರೆಯಬೇಡಿ. ದೆವ್ವದ ಆಧಾರ್ ಕಾರ್ಡ್ ಬೇರೆ ಕೇಳುತ್ತಾರೆ.

ಪ್ರ: ನನ್ನ ಮಗನಿಗೆ 19 ವರ್ಷ. ಮೊಬೈಲಿನಲ್ಲಿ ಇಂಥದ್ದೇ ಇಂಗ್ಲಿಷ್ ಕಥೆಗಳನ್ನು ಓದುತ್ತಾನೆ ಅಂತ ಗೊತ್ತಾಯಿತು. ಯಾರ ಜೊತೆಗೂ ಸೇರುವುದಿಲ್ಲ. ಪಕ್ಕದ ಮನೆಯವರು ಗಾಳಿ ಸೋಕಿದೆ, ಒಬ್ಬರು ಬಿಡಿಸುತ್ತಾರೆ, ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಅರಸೀಕೆರೆ ತಾಲೂಕು

ಉ: ಅಮ್ಮಾ, ಕರೆದುಕೊಂಡು ಹೋಗಬೇಡಿ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಬರೆ ಹಾಕುವುದು ನಮ್ಮ ರಾಜ್ಯದಲ್ಲಿ ಅಪರಾಧ, ಅದಕ್ಕೆಂದೇ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಪಕ್ಕದ ಮನೆಯವರಿಗೆ ಅಷ್ಟು ಹೇಳಿ ಸಾಕು.

ಕಥೆ ಓದಿ ಯಾರೂ ಗೇ ಆಗುವುದಿಲ್ಲ. ದೆವ್ವದ ಕಥೆ ಓದಿ ದೆವ್ವ ಆಗುವುದಿಲ್ಲವಲ್ಲ, ಹಾಗೇ. ಅವನು ಗೇ ಇರಬಹುದು, ಇಲ್ಲದಿರಬಹುದು, ಕಥೆ ಹಿಡಿಸಿ ಓದುತ್ತಿರಬಹುದು. ಇದ್ದರೂ ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸಿ ಕೊಡುತ್ತೇನೆ ಅನ್ನುವ ಡಾಕ್ಟರ್ ಸಿಕ್ಕರೂ ನಂಬಬೇಡಿ, ಅದನ್ನು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನನಗೆ ಚಿಂತೆ ಆಗಿದ್ದು ನಿಮ್ಮ ಇನ್ನೊಂದು ವಾಕ್ಯದಿಂದ, ಯಾರ ಜೊತೆಗೂ ಸೇರುವುದಿಲ್ಲ ಅಂದಿರಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನುವ ಮಾತು ಬರುತ್ತಿದೆ ಅಂದರೆ ತಡಮಾಡದೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಇಲ್ಲಾ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೇನೂ ಇಲ್ಲದಿದ್ದರೆ ಮೊಬೈಲ್ ಕಸಿದುಕೊಳ್ಳಬೇಡಿ, ವಿಚಾರಣೆಗೆ ಕೂರಿಸಬೇಡಿ. ಅವನು ಓದುತ್ತಿರುವಾಗ ಕಾಫಿ ತಂದಿಟ್ಟು, ಏನು ಕಥೆ ಅದು, ನನಗೂ ಸ್ವಲ್ಪ ಹೇಳು ಅನ್ನಿ. ಮೊದಲ ದಿನ ಏನೂ ಹೇಳುವುದಿಲ್ಲ. ನಾಲ್ಕನೇ ದಿನ ಹೇಳಬಹುದು.

ಪ್ರ: ಇಂಥ ಕಥೆಗಳ ಕೊನೆ ದುಃಖದಲ್ಲೇ ಮುಗಿಯಬೇಕಾ? ಒಬ್ಬ ಈಗಾಗಲೇ ಸತ್ತಿದ್ದಾನಲ್ಲ.
– ಕುಂದಾಪುರ

ಉ: ಅದೇ ಅನುಕೂಲ. ಸಾವು ಆಗಿಹೋಗಿದೆ, ಇನ್ನು ಯಾರನ್ನೂ ಕೊಲ್ಲಬೇಕಿಲ್ಲ! ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ತನ್ನ 'ಮಾರಿಸ್' ಕಾದಂಬರಿಯನ್ನು 1914ರ ಹೊತ್ತಿಗೆ ಬರೆದಿಟ್ಟಿದ್ದ. ಇಬ್ಬರು ಗಂಡಸರೂ ಕೊನೆಯಲ್ಲಿ ಸುಖವಾಗಿರಲೇಬೇಕು ಅಂತ ಅವನ ಹಟ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1971ರಲ್ಲಿ. ಒಂದು ಸುಖಾಂತ್ಯ 57 ವರ್ಷ ಕಾದಿತ್ತು. ನಮ್ಮ ಓದುಗರು ಇನ್ನೂ ಎಷ್ಟು ಕಾಯಬೇಕು? ರಹಸ್ಯ ಬಯಲಾದ ತಕ್ಷಣ ದೆವ್ವ ಬೆಳಕಾಗಿ ಕರಗಿಹೋಗುವುದು ಮಾತ್ರ ಬೇಡ. ನ್ಯಾಯ ಸಿಕ್ಕಿತು, ಆತ್ಮಕ್ಕೆ ಶಾಂತಿ, ಹುಡುಗ ಒಂಟಿ. ಇದು ಸುಖಾಂತ್ಯದ ವೇಷ ಹಾಕಿದ ಹಳೇ ದುಃಖಾಂತ್ಯ. ಅವನಿಗೆ ಹೋಗುವ ದಾರಿ ತೆರೆಯಲಿ, ಅವನು ಹೋಗದಿರಲಿ.

ಪ್ರ: ಕನ್ನಡದಲ್ಲಿ ಇದನ್ನು ಓದೋರು ಯಾರಿದ್ದಾರೆ?
– ಮಂಡ್ಯ

ಉ: ಗಂಡಿಗೆ ಗಂಡಿನ ಮೇಲಿನ ಪ್ರೀತಿಯ ಕಥೆಗಳಿರುವ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಾಗಲೂ ಇದೇ ಪ್ರಶ್ನೆ ಕೇಳಿದವರಿದ್ದರು. ಜನ ಓದಿದರು, ಅದು ಇಂಗ್ಲಿಷಿಗೂ ಹೋಯಿತು. ಅದರಲ್ಲಿ ದೆವ್ವ ಇರಲಿಲ್ಲ. ದೆವ್ವ ಇದ್ದರೆ ಓದುವವರು ಜಾಸ್ತಿಯೇ ಆಗಬೇಕು.

ಪ್ರ: ಇಷ್ಟೆಲ್ಲ ಹೇಳ್ತೀರಲ್ಲ, ನೀವು ದೆವ್ವ ನಂಬ್ತೀರಾ?
– ಎಂಟನೇ ತರಗತಿ, ತಿಪಟೂರು

ಉ: ಪುಟ್ಟಾ, ಮೊದಲು ಇದು ನೀನು ಓದುವ ಅಂಕಣ ಅಲ್ಲ. ಆಯ್ತು, ಓದಿದ್ದೀಯ, ಹೇಳುತ್ತೇನೆ.

ನಂಬುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಎಲ್ಲ. ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಕಡ್ಲೆಪುರಿ. ಮದುವೆಯೇ ಆಗದೆ ತೀರಿಕೊಂಡ ನಮ್ಮ ಚಿಕ್ಕಪ್ಪನಿಗೆ ಅಮ್ಮ ಎರಡು ಎಲೆ ಅಡಿಕೆ ಇಡುತ್ತಾಳೆ, ಒಂದಲ್ಲ. ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಅವನ ಜೊತೆ ಅವನ ಫ್ರೆಂಡೂ ಬರ್ತಾನೆ" ಅಂದಿದ್ದಳು. ಆ ಫ್ರೆಂಡ್ ಯಾರು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಎಡೆ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಎದ್ದು ಬಾಗಿಲು ತೆಗೆಯುವ ಮೊದಲು ಮೂರು ಸಲ ತಟ್ಟುತ್ತಾಳೆ, ಒಳಗೆ ಇನ್ನೂ ಮಾತಾಡುತ್ತಾ ಕೂತಿದ್ದರೆ ಗಾಬರಿಯಾಗಬಾರದು ಅಂತ.